ತೋಡಿನ ನೀರು ನೋಡಲು ಯಾವ ಮೀಟರ್?

ಪ್ರಶ್ನೆ: ಮೇಷ್ಟ್ರೇ, ನಮ್ಮದು ಮಾದಾಪುರದ ಹತ್ತಿರ ಏಳು ಎಕರೆ ಕಾಫಿ ತೋಟ. ಡಿಸೆಂಬರ್ ಬಂತೆಂದರೆ ಗದ್ದೆ ಪಕ್ಕದ ತೋಡು ಕಪ್ಪಾಗಿ ನಾರುತ್ತದೆ. ಮೇಲ್ಗಡೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಎರಡು ಮೂರು ಪಲ್ಪರ್ ಯಂತ್ರ ಇವೆ. ನಾಲ್ಕು ಮನೆಯವರು ಸೇರಿ ಹತ್ತು ಸಾವಿರ ಒಟ್ಟು ಮಾಡಿದ್ದೇವೆ. ಪಿಎಚ್ (ಹುಳಿ-ಕ್ಷಾರದ ಅಳತೆ), ಟಿಡಿಎಸ್ (ನೀರಿನಲ್ಲಿ ಒಟ್ಟು ಕರಗಿರುವುದು), ಇಸಿ (ಕರೆಂಟ್ ಹರಿಯುವ ಗುಣ), ಉಪ್ಪು, ಉಷ್ಣತೆ ಎಲ್ಲ ತೋರಿಸುವ ‘ಫೈವ್ ಇನ್ ಒನ್’ ಮೀಟರ್ ತಗೊಳ್ಳಬಹುದಾ?
- ಒಬ್ಬ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಬೇಡ. ಅದರಲ್ಲಿ ಟಿಡಿಎಸ್, ಇಸಿ, ಉಪ್ಪು ಮೂರೂ ಒಂದೇ ಅಳತೆ. ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನೋದನ್ನಷ್ಟೇ ಆ ಕಡ್ಡಿ ನೋಡುತ್ತದೆ. ಆ ಅಂಕಿಯನ್ನು 0.5ರಿಂದಲೋ 0.7ರಿಂದಲೋ ಗುಣಿಸಿ ಟಿಡಿಎಸ್ ಅಂತ ತೋರಿಸುತ್ತದೆ. ಐದಕ್ಕೆ ದುಡ್ಡು ಕೊಟ್ಟು ಮೂರು ತಂದ ಹಾಗೆ.

ಇನ್ನೊಂದು ತೊಂದರೆ ಇದೆ. ಒಂದು ಲೋಟ ನೀರಿಗೆ ಎರಡು ಚಮಚ ಸಕ್ಕರೆ ಕದಡಿ ಟಿಡಿಎಸ್ ಪೆನ್ ಅದ್ದಿ ನೋಡಿ. ಅಂಕಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಸಕ್ಕರೆಗೆ ಕರೆಂಟ್ ಹರಿಯುವುದಿಲ್ಲ ನೋಡಿ. ಪಲ್ಪಿಂಗ್ ನೀರಿನಲ್ಲಿ ಇರುವುದೇ ಹಣ್ಣಿನ ಸಕ್ಕರೆ, ಬೀಜಕ್ಕೆ ಅಂಟಿದ ಲೋಳೆ. ನಮ್ಮ ಮಳೆ ನಾಡಿನ ತೋಡುಗಳಲ್ಲಿ ಟಿಡಿಎಸ್ ಮೊದಲೇ ಕಡಿಮೆ. ಕುಡಿಯುವ ನೀರಿಗೆ ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್ ಮಿತಿ ಇದೆಯಲ್ಲ, ನಾರುವ ತೋಡು ಕೂಡ ಅದರೊಳಗೆ ಆರಾಮವಾಗಿ ಪಾಸಾಗಬಹುದು! ಆಮೇಲೆ ಪಲ್ಪರ್ ಮಾಲೀಕರು ನಿಮ್ಮ ಮೀಟರನ್ನೇ ನಿಮಗೆ ತೋರಿಸುತ್ತಾರೆ.

ನೀವು ಹಿಡಿಯಬೇಕಾದದ್ದು ಆಮ್ಲಜನಕ. ಆ ಸಕ್ಕರೆ, ಲೋಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಕೊಳ್ಳುತ್ತವೆ. ಮೀನು ಸಾಯುವುದು, ನೀರು ನಾರುವುದು ಅದರಿಂದಲೇ. ಚೆನ್ನಾಗಿರುವ ತೋಡಿನಲ್ಲಿ ಲೀಟರಿಗೆ 7-8 ಮಿಲಿಗ್ರಾಂ ಇರುತ್ತದೆ. ಸ್ನಾನಕ್ಕೆ ಯೋಗ್ಯ ಅನ್ನಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಕಾರ ಕನಿಷ್ಠ 5 ಬೇಕು.

ಆಮ್ಲಜನಕದ ಡಿಜಿಟಲ್ ಮೀಟರ್ ದುಬಾರಿ, ಅದರ ಪೊರೆಯನ್ನು ಮಗುವಿನ ಹಾಗೆ ನೋಡಿಕೊಳ್ಳಬೇಕು. ನಿಮಗೆ ವಿಂಕ್ಲರ್ ವಿಧಾನದ ಹನಿ ಕಿಟ್ ಸಾಕು, ಅಂದರೆ ದ್ರಾವಣದ ಹನಿ ಎಣಿಸಿ ಆಮ್ಲಜನಕದ ಲೆಕ್ಕ ಹಾಕುವ ಕಿಟ್. ಗಾಜಿನ ಬಾಟಲಿಯನ್ನು ಹರಿವಿಗೆ ಎದುರಾಗಿ ಮುಳುಗಿಸಿ, ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿ. ದಡದಲ್ಲೇ ಕೂತು ಮೊದಲ ಎರಡು ದ್ರಾವಣ ಹಾಕಿ, ಬಿರಡೆ ಮುಚ್ಚಿ ಮೇಲೆ ಕೆಳಗೆ ಮಾಡಿ. ಆಮ್ಲಜನಕ ಇದ್ದರೆ ಬೆಲ್ಲದ ಬಣ್ಣದ ಚೂರುಗಳು ಮೆಲ್ಲಗೆ ತಳಕ್ಕೆ ಇಳಿಯುತ್ತವೆ. ಏನೂ ಇಲ್ಲದಿದ್ದರೆ ಮಜ್ಜಿಗೆ ಕದಡಿದ ಹಾಗೆ ಬೆಳ್ಳಗೆ. ಲೆಕ್ಕ ಹಾಕುವ ಮೊದಲೇ ಅರ್ಧ ಉತ್ತರ ಕಣ್ಣಿಗೆ ಬೀಳುತ್ತದೆ. ಆಮೇಲೆ ಹಾಕುವುದು ಆಸಿಡ್, ಕೈಗವಸು ಮರೆಯಬೇಡಿ.

ಜೊತೆಗೆ ಒಂದು ಪಿಎಚ್ ಪೆನ್ ಇರಲಿ, ತುದಿ ಬದಲಿಸಲು ಬರುವಂಥದ್ದು. ಹುಳಿಯಾದ ಪಲ್ಪಿಂಗ್ ನೀರು 4ರ ಹತ್ತಿರ ಇಳಿಯುತ್ತದೆ. ಆದರೆ ಅದೊಂದನ್ನೇ ನಂಬಬೇಡಿ. ಪಲ್ಪರಿನವರು ತಮ್ಮ ನೀರಿನ ಟ್ಯಾಂಕಿಗೆ ಸುಣ್ಣ ಸುರಿದರೆ ಪಿಎಚ್ 7ಕ್ಕೆ ಬರುತ್ತದೆ, ಸಕ್ಕರೆ ಅಲ್ಲೇ ಇರುತ್ತದೆ.

ನನ್ನದೇ ಒಂದು ಪೆದ್ದುತನ ಹೇಳುತ್ತೇನೆ. ಕಾಲೇಜಿನಲ್ಲಿ ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದವನು ನಾನು. ನಿವೃತ್ತಿಯಾದ ಮೇಲೆ ತಂದ ಪಿಎಚ್ ಪೆನ್ನನ್ನು ಒಂದು ಮಳೆಗಾಲ ಪೂರ್ತಿ ಹಾಗೇ ಕಪಾಟಿನಲ್ಲಿ ಒಣಗಲು ಬಿಟ್ಟಿದ್ದೆ. ಡಿಸೆಂಬರಿನಲ್ಲಿ ತೆಗೆದು ತೋಡಿಗೆ ಅದ್ದಿದರೆ 7. ಬಾವಿಗೆ ಅದ್ದಿದರೆ 7. ಪರವಾಗಿಲ್ಲ, ಊರಿನ ನೀರು ಚೆನ್ನಾಗಿದೆ ಅಂತ ನಾಲ್ಕು ಜನಕ್ಕೆ ಹೇಳಿಯೂ ಬಿಟ್ಟೆ. ಮನೆಯವಳು ಸುಮ್ನೆ ಕಾಚಂಪುಳಿ ಬಾಟಲಿ ತಂದು ಮುಂದಿಟ್ಟಳು. ಪಂದಿಕರಿಗೆ ಒಂದು ಚಮಚ ಜಾಸ್ತಿ ಬಿದ್ದರೆ ಹಲ್ಲು ಜುಮ್ಮೆನ್ನುವ ಆ ಹುಳಿಯಲ್ಲೂ ನನ್ನ ಪೆನ್ನು ತೋರಿಸಿದ್ದು 7! ತುದಿ ಸತ್ತುಹೋಗಿತ್ತು. ಅದಕ್ಕೇ 4 ಮತ್ತು 7ರ ಬಫರ್ (ಪಿಎಚ್ ಎಷ್ಟೆಂದು ಮೊದಲೇ ಗೊತ್ತಿರುವ ದ್ರಾವಣ) ಪೊಟ್ಟಣಗಳನ್ನೂ ತಗೊಳ್ಳಿ, ಪ್ರತಿ ಸಲ ಅದರಲ್ಲಿ ಅದ್ದಿ ನೋಡಿ. ತುದಿಯನ್ನು ಪೊಟ್ಯಾಶಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿಡಿ, ಡಿಸ್ಟಿಲ್ಡ್ ವಾಟರಿನಲ್ಲಿ ಅಲ್ಲ.

ಹೊತ್ತು ನೋಡಿ ಹೋಗಿ. ಹಗಲು ಕುಯ್ದ ಹಣ್ಣು ಸಂಜೆ ಪಲ್ಪರಿಗೆ ಹೋಗುತ್ತದೆ, ಅಲ್ವಾ? ಹಾಗಾಗಿ ರಾತ್ರಿ ಒಂದು ಸಲ, ಬೆಳಕು ಹರಿಯುವ ಮುಂಚೆ ಇನ್ನೊಂದು ಸಲ. ಪಲ್ಪರುಗಳಿಗಿಂತ ಮೇಲೊಂದು ಜಾಗ, ನಿಮ್ಮ ಗದ್ದೆ ಹತ್ತಿರ ಒಂದು ಜಾಗ. ಮೇಲಿನ ಅಂಕಿ ಇಲ್ಲದೆ ಕೆಳಗಿನದಕ್ಕೆ ಬೆಲೆ ಇಲ್ಲ.

ಉಳಿದ ದುಡ್ಡಿನಲ್ಲಿ ಒಂದು ಸಲ ಮಾನ್ಯತೆ ಪಡೆದ ಲ್ಯಾಬಿನಲ್ಲಿ ಬಿಓಡಿ ಪರೀಕ್ಷೆ ಮಾಡಿಸಿ. ನೀರಿನ ಕೊಳೆ ತಿನ್ನಲು ಬ್ಯಾಕ್ಟೀರಿಯಾ ಎಷ್ಟು ಆಮ್ಲಜನಕ ಬಳಸುತ್ತವೆ ಅಂತ ಅದು ಹೇಳುತ್ತದೆ. 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡುವ ಪರೀಕ್ಷೆ ಅದು, ಮನೆಯಲ್ಲಿ ಆಗುವುದಿಲ್ಲ. ಬಾಟಲಿಯನ್ನು ಐಸ್ ಡಬ್ಬದಲ್ಲಿಟ್ಟು ಅದೇ ದಿನ ತಲುಪಿಸಬೇಕು. ದೂರು ಕೊಡುವುದಿದ್ದರೆ ಇನ್ನೊಂದು ಮಾತು. 1974ರ ಜಲ ಕಾಯ್ದೆಯ ಪ್ರಕಾರ ಕಾನೂನಿಗೆ ನಿಲ್ಲುವ ಮಾದರಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ ತೆಗೆಯಬೇಕು, ನಿಮ್ಮ ಬಾಟಲಿ ನಡೆಯುವುದಿಲ್ಲ. ಆದರೆ ಅವರು ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕು ಅಂತ ನಿಮ್ಮ ನೋಟ್‌ಬುಕ್ ಹೇಳುತ್ತದೆ. ಅದಕ್ಕೂ ಮೊದಲು ಆ ಅಂಕಿಗಳನ್ನು ಹಿಡಿದು ಪಲ್ಪರ್ ಮನೆಗೆ ಒಂದು ಕಾಫಿಗೆ ಹೋಗಿ ಬನ್ನಿ. ನೆಂಟರೇ ಇರುತ್ತಾರೆ.

ಪ್ರಶ್ನೆ: ಶಾಲೆ ಮಕ್ಕಳಿಗೆ ಹೊಳೆ ಪರೀಕ್ಷೆ ತೋರಿಸಬೇಕು, ದುಡ್ಡಿಲ್ಲ. ಏನು ಮಾಡಲಿ?
- ಒಬ್ಬ ಶಿಕ್ಷಕಿ, ವಿರಾಜಪೇಟೆ

ಉತ್ತರ: ಒಂದು ಬಿಳಿ ತಟ್ಟೆ, ಒಂದು ಹಳೆ ಬ್ರಶ್ ಸಾಕು ಟೀಚರ್. ಜನವರಿಯಲ್ಲಿ ನೀರು ಮೊಣಕಾಲಿಗಿಂತ ಕಡಿಮೆ ಇರುವ ಕಡೆ ಕಲ್ಲು ಎತ್ತಿ, ಅಡಿಭಾಗವನ್ನು ತಟ್ಟೆಗೆ ಮೆಲ್ಲಗೆ ಉಜ್ಜಿ. ಎರಡು ಅಥವಾ ಮೂರು ಬಾಲದ, ಆರು ಕಾಲಿನ ಚಪ್ಪಟೆ ಮರಿಹುಳಗಳು ಓಡಾಡಿದರೆ ಆಮ್ಲಜನಕ ಚೆನ್ನಾಗಿದೆ. ನುಲಿಯುವ ಕೆಂಪು ಹುಳಗಳು ಮಾತ್ರ ಸಿಕ್ಕಿದರೆ ಹೊಳೆಗೆ ಉಸಿರು ಕಟ್ಟಿದೆ. ನೋಡಿ ಆದ ಮೇಲೆ ಹುಳಗಳನ್ನು ನೀರಿಗೆ ಬಿಟ್ಟು, ಕಲ್ಲನ್ನು ಇದ್ದ ಹಾಗೇ ಮಗುಚಿ ಇಡಿಸಿ.