ಯಾವುದರ ಇಪ್ಪತ್ತೇಳು ಪಟ್ಟು?

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಲೆಕ್ಕವಿರುವ ಭಾಗವನ್ನು ಓದಿ ತಿದ್ದಿಕೊಟ್ಟವರೂ ಅವರೇ.)

ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತರಾದವರು. ಹೆಸರು ಬೇಡ, ಟೀಚರ್ ಎನ್ನುತ್ತೇನೆ. ವಯಸ್ಸು 61. ಆರು ವರ್ಷದ ಹಿಂದೆ ಎಡಸ್ತನದಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿಕೊಂಡಿತ್ತು. ಗಡ್ಡೆಯಷ್ಟನ್ನೇ ತೆಗೆದು ಸ್ತನ ಉಳಿಸಿದ್ದರು, ಆಮೇಲೆ ಮೂರು ವಾರದಲ್ಲಿ ಹದಿನೈದು ಸಲ ರೇಡಿಯೇಷನ್ ಕೊಟ್ಟಿದ್ದರು. ರೋಗ ಮತ್ತೆ ತಲೆ ಎತ್ತಿಲ್ಲ.

ಅವರನ್ನು ಆಪ್ತಸಲಹೆಗೆಂದು ನನ್ನ ಬಳಿ ಕರೆತಂದದ್ದು ತಂಗಿಯ ಮಗಳು. ತಂಗಿಗೆ 52. ಎರಡು ತಿಂಗಳ ಹಿಂದೆ ಅವರಿಗೂ ಅದೇ ರೋಗ, ಅದೇ ಬಗೆಯ ಆಪರೇಷನ್. "ದೊಡ್ಡಮ್ಮ ನಮ್ಮಮ್ಮನಿಗೆ ರೇಡಿಯೇಷನ್ ಬೇಡವೇ ಬೇಡ ಅಂತಿದ್ದಾರೆ. ಅಮ್ಮ ಅಕ್ಕನ ಮಾತು ಮೀರೋರಲ್ಲ. ಡಾಕ್ಟರು ಇನ್ನೆರಡು ವಾರದಲ್ಲಿ ಶುರು ಮಾಡ್ಬೇಕು ಅಂದಿದ್ದಾರೆ," ಎಂದು ಹುಡುಗಿ ನಿಂತೇ ಹೇಳಿದಳು.

ಟೀಚರ್ ಮಾತಾಡಲಿಲ್ಲ. ಚೀಲದಿಂದ ಮಡಿಸಿದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟರು. ರೇಡಿಯೇಷನ್ ಪಡೆದವರಲ್ಲಿ ಚರ್ಮದ ಒಂದು ಕ್ಯಾನ್ಸರ್ 27 ಪಟ್ಟು ಹೆಚ್ಚು ಎಂಬ ಸಾಲಿನ ಕೆಳಗೆ ಕೆಂಪು ಇಂಕಿನ ಗೆರೆ.

ನಾನು ಮಾಡಿದ ಮೊದಲ ತಪ್ಪು ಇಲ್ಲೇ. "ಅದು ತುಂಬಾ ಅಪರೂಪ ಟೀಚರ್, ನೀವು ತಲೆ ಕೆಡಿಸ್ಕೋಬೇಡಿ," ಎಂದುಬಿಟ್ಟೆ. ಹೇಳಿದ್ದು ಸುಳ್ಳಲ್ಲ. ಆದರೆ ಅವರು ಹಾಳೆ ಮಡಿಸಿ ಒಳಗಿಟ್ಟರು. "ನೀವೂ ಎಲ್ಲರ ಹಾಗೇ," ಎಂದರು. ಆ ದಿನದ ಉಳಿದ ಅರ್ಧ ಗಂಟೆಯಲ್ಲಿ ಕೆಲಸಕ್ಕೆ ಬರುವ ಮಾತು ಒಂದೂ ಹುಟ್ಟಲಿಲ್ಲ. ಹೆದರಿದವರಿಗೆ ಸಮಾಧಾನ ಹೇಳುವ ಆತುರ ಬಹಳ ಸಲ ನಮ್ಮ ಇರುಸುಮುರುಸನ್ನು ಮುಚ್ಚಿಕೊಳ್ಳುವ ಆತುರವೇ ಆಗಿರುತ್ತದೆ.

ಎರಡನೇ ಭೇಟಿಗೆ ಅವರೊಬ್ಬರನ್ನೇ ಕರೆದೆ. ಹಾಳೆಯನ್ನು ಜೊತೆಯಲ್ಲೇ ಓದೋಣ ಎಂದೆ. ಅದು 2024ರಲ್ಲಿ ಜಾಮಾ ನೆಟ್‌ವರ್ಕ್ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಸುದ್ದಿ. 2000ರಿಂದ 2019ರವರೆಗಿನ ಅಮೆರಿಕದ ಕ್ಯಾನ್ಸರ್ ದಾಖಲೆಗಳಿಂದ 8.75 ಲಕ್ಷಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳ ವಿವರ ತೆಗೆದು ನೋಡಿದ್ದರು. ರೇಡಿಯೇಷನ್ ಪಡೆದವರಿಗೆ ಎದೆ ಮತ್ತು ಮುಂಡದ ಚರ್ಮದಲ್ಲಿ ಕೆಲವು ಬಗೆಯ ಕ್ಯಾನ್ಸರ್ ಬರುವ ಸಂಭವ ಸಾಮಾನ್ಯ ಜನರಿಗಿಂತ ಸುಮಾರು 1.57 ಪಟ್ಟು. ಅದರೊಳಗೆ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಲ್ಲಿ ಹುಟ್ಟುವ ಮೆಲನೋಮಾ 1.37 ಪಟ್ಟು. 27 ಪಟ್ಟು ಎಂಬುದು ರಕ್ತನಾಳಗಳ ಒಳಪದರದಲ್ಲಿ ಹುಟ್ಟುವ ಆಂಜಿಯೋಸಾರ್ಕೋಮಾ ಒಂದಕ್ಕೇ ಸೇರಿದ ಸಂಖ್ಯೆ.

"ಸಂಖ್ಯೆ ಸರಿಯಾಗೇ ಇದೆ," ಎಂದೆ. ಅವರು ಮೊದಲ ಬಾರಿ ನನ್ನ ಮುಖ ನೋಡಿದರು. ಆಮೇಲೆ ತಾವಾಗಿಯೇ ಹೇಳಿದರು: ಸ್ತನದ ಕೆಳಮಡಿಕೆಯಲ್ಲಿ ಒಂದು ನೀಲಿ ಗುರುತು ಇದೆ, ಪೆಟ್ಟು ಬಿದ್ದು ಕಂದಿದ ಹಾಗೆ. ಪೆಟ್ಟು ಬಿದ್ದ ನೆನಪಿಲ್ಲ. ಮೂರು ತಿಂಗಳಾಯಿತು. ಯಾರಿಗೂ ಹೇಳಿಲ್ಲ. ಬಚ್ಚಲಲ್ಲಿ ದೀಪ ಹಾಕದೆ ಸ್ನಾನ ಮಾಡುತ್ತಾರೆ.

ತಂಗಿಗೆ ಬೇಡ ಎಂದದ್ದರ ಬೇರು ಅಲ್ಲಿತ್ತು. ಹಾಳೆ ಅವರ ಕೈಗೆ ಬಂದದ್ದು ಆ ಗುರುತು ಕಂಡ ಮೇಲೆ.

ಇಲ್ಲಿ ಆಪ್ತಸಲಹೆ ಎರಡನೆಯದು, ಡಾಕ್ಟರು ಮೊದಲು. ಆಂಜಿಯೋಸಾರ್ಕೋಮಾ ಬರುವುದಿದ್ದರೆ ಸಾಮಾನ್ಯವಾಗಿ ರೇಡಿಯೇಷನ್ ಮುಗಿದು ಐದರಿಂದ ಹತ್ತು ವರ್ಷದ ನಡುವೆ, ಥೇಟ್ ಅವರು ವರ್ಣಿಸಿದಂತೆ ಕೆಂಪು, ನೇರಳೆ ಅಥವಾ ನೀಲಿ ಕಲೆಯಾಗಿ, ನೋವೇ ಇಲ್ಲದೆ ಕಾಣಿಸಿಕೊಳ್ಳುತ್ತದೆ. ಕಂದಿದ ಗುರುತೆಂದು ರೋಗಿಗಳೂ ಬಿಡುತ್ತಾರೆ, ಕೆಲವೊಮ್ಮೆ ಡಾಕ್ಟರೂ ಬಿಡುತ್ತಾರೆ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಚೆನ್ನಾಗಿದೆ ಎಂದು ಸುಮ್ಮನಿರುವಂತಿಲ್ಲ, ಚರ್ಮದಲ್ಲಿ ಆಗುವುದು ಅದರಲ್ಲಿ ಕಾಣದೆಯೂ ಹೋಗಬಹುದು. ಚರ್ಮದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯೇ ಆಗಬೇಕು. ಅವರ ಎದುರಿಗೇ ಫೋನ್ ಮಾಡಿ ಮೂರು ದಿನದೊಳಗೆ ಕ್ಯಾನ್ಸರ್ ತಜ್ಞರ ಭೇಟಿ ಗೊತ್ತು ಮಾಡಿಸಿದೆ. ಒಳಗೆ ಹೋದ ಕೂಡಲೇ "ಈ ಜಾಗಕ್ಕೆ ಆರು ವರ್ಷದ ಹಿಂದೆ ರೇಡಿಯೇಷನ್ ಆಗಿದೆ" ಎಂಬ ಮಾತನ್ನೇ ಮೊದಲು ಹೇಳಿ ಎಂದು ಬರೆದುಕೊಟ್ಟೆ. ಎಷ್ಟು ಜನ ಅದನ್ನು ಕೊನೆಯಲ್ಲಿ ಹೇಳುತ್ತಾರೋ, ಹೇಳುವುದನ್ನೇ ಮರೆಯುತ್ತಾರೋ!

ಮೂರನೇ ಭೇಟಿಯ ಹೊತ್ತಿಗೆ ಬಯಾಪ್ಸಿ ಆಗಿತ್ತು, ವರದಿ ಬಂದಿರಲಿಲ್ಲ. ತಂಗಿಯ ರೇಡಿಯೇಷನ್ ಪ್ಲಾನಿಂಗ್ ಸ್ಕ್ಯಾನ್ ನಾಲ್ಕು ದಿನ ದೂರವಿತ್ತು. ವರದಿ ಬರಲಿ, ಆಮೇಲೆ ಹೇಳುತ್ತೇನೆ ಎಂದು ಟೀಚರ್ ಪಟ್ಟು ಹಿಡಿದಿದ್ದರು.

ಬಿಳಿ ಹಾಳೆ, ಪೆನ್ನು ಅವರ ಕಡೆ ತಳ್ಳಿದೆ. "27 ಪಟ್ಟು ಅಂತ ವಿದ್ಯಾರ್ಥಿ ಬರ್ಕೊಂಡು ಬಂದ್ರೆ ನೀವು ಏನು ಕೇಳ್ತೀರಿ?"

ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವುದರ 27 ಪಟ್ಟು ಅಂತ ಕೇಳ್ತೀನಿ," ಎಂದರು.

ಮೂಲ ಸಂಖ್ಯೆ ತೀರಾ ಚಿಕ್ಕದು. ಅಷ್ಟು ಪಟ್ಟು ಮಾಡಿದರೂ ಸ್ತನಕ್ಕೆ ರೇಡಿಯೇಷನ್ ಪಡೆದ ಸಾವಿರ ಹೆಂಗಸರಲ್ಲಿ ಹತ್ತು ವರ್ಷದೊಳಗೆ ಒಬ್ಬರ ಆಸುಪಾಸಿಗೆ ಬರುತ್ತದೆ. ಅವರು 1 ಎಂದು ಬರೆದರು. ಇನ್ನೊಂದು ಬದಿಗೆ ಬೇಕಾದ ಅಂಕಿಗಳನ್ನು ನಾನು ಕೊಟ್ಟೆ. ಸ್ತನ ಉಳಿಸುವ ಆಪರೇಷನ್ ಆದ 10,801 ಹೆಂಗಸರ ಮೇಲಿನ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯದು. ಹತ್ತು ವರ್ಷದಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ರೇಡಿಯೇಷನ್ ಇಲ್ಲದವರಲ್ಲಿ ಶೇ. 35, ಪಡೆದವರಲ್ಲಿ ಶೇ. 19.3. ಹದಿನೈದು ವರ್ಷದಲ್ಲಿ ಸ್ತನ ಕ್ಯಾನ್ಸರ್‌ನಿಂದ ಸತ್ತವರು ಶೇ. 25.2 ಮತ್ತು ಶೇ. 21.4. ಸಾವಿರಕ್ಕೆ ಎಷ್ಟು ಎಂದು ಅವರೇ ಮಾಡಿದರು: ಮರುಕಳಿಸುವುದು ತಪ್ಪಿದ್ದು 157, ಸಾವು ತಪ್ಪಿದ್ದು 38.

ಅದು ಹಳೆಯ ಕಾಲದ ರೋಗಿಗಳ ಲೆಕ್ಕ ಎಂದೂ ಹೇಳಬೇಕಿತ್ತು. ಈಗಿನ ಔಷಧಿಗಳಿಂದ ಮರುಕಳಿಸುವುದೇ ಕಡಿಮೆಯಾಗಿದೆ, ಹಾಗಾಗಿ ಅಂತರವೂ ಕಿರಿದಾಗಿದೆ. 65 ದಾಟಿದ, ಚಿಕ್ಕ ಗಡ್ಡೆಯ, ಹಾರ್ಮೋನ್ ಮಾತ್ರೆಗೆ ಬಗ್ಗುವ ರೋಗದ ಕೆಲವರಿಗೆ ರೇಡಿಯೇಷನ್ ಬಿಡಬಹುದೇ ಎಂದು ಡಾಕ್ಟರೇ ಚರ್ಚಿಸುವುದುಂಟು. ಆ ಗುಂಪಿನವರ ಒಂದು ಪರೀಕ್ಷೆಯಲ್ಲಿ ಹತ್ತು ವರ್ಷಕ್ಕೆ ಅದೇ ಸ್ತನದಲ್ಲಿ ಮರುಕಳಿಸಿದ್ದು ರೇಡಿಯೇಷನ್ ಇಲ್ಲದೆ ಶೇ. 9.5, ಇದ್ದಾಗ ಶೇ. 0.9. ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ತಂಗಿಗೆ 52, ಅವರು ಆ ಗುಂಪಿನವರಲ್ಲ. ಅವರ ಲೆಕ್ಕವನ್ನು ಅವರ ಡಾಕ್ಟರ ಎದುರು ಕೂತು ಮಾಡಬೇಕು, ಅಕ್ಕನ ಮೈಮೇಲಿನ ಗುರುತು ನೋಡಿ ಅಲ್ಲ.

"ನಿಮ್ಮ ವರದಿ ಕೆಟ್ಟದಾಗೇ ಬಂತು ಅಂತಿಟ್ಕೊಳ್ಳಿ. ಈ ಹಾಳೆಯ ಲೆಕ್ಕ ಬದಲಾಗುತ್ತಾ?"

ಪೆನ್ನಿನ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿದರು. "ಇಲ್ಲ. ಒಂದು ಒಂದೇ. ಆದರೆ ಆ ಒಂದು ನಾನಾಗಿರ್ತೀನಿ."

ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ, ಹುಡುಕಲೂ ಇಲ್ಲ. ಅವರು ಅತ್ತರು. ಸ್ತನ ಪೂರ್ತಿ ತೆಗೆಸಿಬಿಡಿ ಎಂದು ಮನೆಯವರು ಹೇಳಿದಾಗ ಉಳಿಸಿಕೊಳ್ಳುತ್ತೇನೆ ಎಂದು ಹಟ ಮಾಡಿದ್ದು ತಾವೇ, ಅದರ ಶಿಕ್ಷೆ ಇದು ಎಂಬ ಮಾತು ಆಗ ಹೊರಬಂತು. ಆರು ವರ್ಷದಿಂದ ಒಳಗೇ ಕೂತಿದ್ದ ಮಾತು. ಅಂದು ಡಾಕ್ಟರು ಎರಡೂ ದಾರಿ ಸರಿ ಎಂದು ಮುಂದಿಟ್ಟಿದ್ದರು, ಅದರಲ್ಲಿ ಒಂದನ್ನು ಅವರು ಆರಿಸಿಕೊಂಡಿದ್ದರು, ಅಷ್ಟೇ. ಆ ದಿನ ಏನು ಗೊತ್ತಿತ್ತೋ ಅದನ್ನು ಮಾತ್ರ ಬರೆಯಿರಿ, ಆಮೇಲೆ ತಿಳಿದದ್ದು ಬೇಡ ಎಂದೆ. ಅರ್ಧ ಪುಟ ತುಂಬಿತು. ಅದನ್ನು ಮನೆಗೆ ಒಯ್ದರು. ಸಂಜೆ ತಂಗಿಗೆ ಫೋನ್ ಮಾಡಿ, "ನಾನು ನನ್ನ ಭಯಕ್ಕೆ ಬೇಡ ಅಂದೆ. ನೀನು ಡಾಕ್ಟರನ್ನ ಕೇಳಿ ನಿರ್ಧಾರ ಮಾಡು," ಎಂದರಂತೆ. ಸ್ಕ್ಯಾನ್‌ಗೆ ಜೊತೆಗೂ ಹೋದರು.

ವರದಿ ಮುಂದಿನ ವಾರ ಬಂತು. ಕ್ಯಾನ್ಸರ್ ಕೋಶಗಳಿಲ್ಲ, ರೇಡಿಯೇಷನ್ ಆದ ಚರ್ಮದಲ್ಲಿ ಹಿಗ್ಗಿದ ಸಣ್ಣ ರಕ್ತನಾಳಗಳು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದರು. ಬಯಾಪ್ಸಿ ಗಾಯ ಮಾಯಲು ಸ್ವಲ್ಪ ಹೆಚ್ಚು ದಿನ ಹಿಡಿಯಿತು. ರೇಡಿಯೇಷನ್ ಕಂಡ ಚರ್ಮ ಹಾಗೆಯೇ ಎಂದು ಮೊದಲೇ ಹೇಳಿಟ್ಟಿದ್ದರಿಂದ ಗಾಬರಿಯಾಗಲಿಲ್ಲ.

ಕೊನೆಗೆ ಕೊಟ್ಟ ಸಲಹೆ ನೋಡುವುದರ ಬಗ್ಗೆ. ದಿನಕ್ಕೆ ಹತ್ತು ಸಲ ನೋಡುವವರಿಗೂ, ನೋಡುವುದನ್ನೇ ಬಿಟ್ಟವರಿಗೂ ಬದಲಾವಣೆ ತಿಳಿಯುವುದಿಲ್ಲ. ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ, ಒಳ್ಳೆಯ ಬೆಳಕಿರಲಿ. ಸ್ತನದ ಕೆಳಮಡಿಕೆ, ಕಂಕುಳು, ಹೊಲಿಗೆಯ ಗುರುತು, ಆ ಬದಿಯ ಭುಜ, ಬೆನ್ನಿನ ಮೇಲ್ಭಾಗ. ಜೇಡರ ಬಲೆಯಂಥ ಕೆಂಪು ಎಳೆಗಳು, ಕಪ್ಪಾದ ಚರ್ಮ ರೇಡಿಯೇಷನ್ ಬಿಟ್ಟುಹೋದ ಹಳೆಯ ಗುರುತು, ಡಾಕ್ಟರಿಗೆ ಒಮ್ಮೆ ತೋರಿಸಿ ಬಿಟ್ಟುಬಿಡಬಹುದು. ಎರಡು ಮೂರು ವಾರಕ್ಕೆ ಮಾಸದ ನೀಲಿ ಕಲೆ, ಹರಡುವ ಕಲೆ, ಹೊಸ ಗಂಟು, ಮಾಯದ ಹುಣ್ಣು, ಆಕಾರ ಬದಲಿಸಿದ ಮಚ್ಚೆ ಕಂಡರೆ ಕಾಯಬೇಡಿ. ಅದು ಚರ್ಮದ ಕ್ಯಾನ್ಸರೇ ಆಗಬೇಕೆಂದಿಲ್ಲ, ಹಳೆಯ ರೋಗವೇ ಚರ್ಮದಲ್ಲಿ ಮರಳಿದ್ದೂ ಆಗಿರಬಹುದು, ಏನೂ ಅಲ್ಲದಿರಲೂಬಹುದು. ಬಿಸಿಲಿಗೆ ಆ ಭಾಗ ಮುಚ್ಚಿರಲಿ, ಮುಚ್ಚಲಾಗದ ಕಡೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್. ಇದಕ್ಕೆ ಹತ್ತು ವರ್ಷದ ಗಡಿ ಇಲ್ಲ, ಕೆಲವು ಚರ್ಮದ ಕ್ಯಾನ್ಸರ್‌ಗಳು ಅದಕ್ಕೂ ತಡವಾಗಿ ಬರುತ್ತವೆ.

ಟೀಚರ್ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಂಡು ಬಂದಿದ್ದರು: ತಾರೀಖು, ಜಾಗ, ಅಳತೆ. ತಂಗಿಗೂ ಒಂದು ಮಾಡಿದ್ದರು. ತಂಗಿಯ ಐದನೇ ದಿನದ ರೇಡಿಯೇಷನ್ ಅಂದು ಬೆಳಿಗ್ಗೆ ಮುಗಿದಿತ್ತು.

"ಒಂದನೇ ತಾರೀಖು ದೀಪ ಹಾಕ್ತೀನಿ," ಎಂದರು. "ಉಳಿದ ದಿನ ಇನ್ನೂ ಕತ್ತಲಲ್ಲೇ."

ಅದಕ್ಕೆಂದು ಇನ್ನೊಂದು ಭೇಟಿ ಗೊತ್ತು ಮಾಡಿಕೊಂಡೆವು.