ಹೋಟೆಲ್ ಹುಡುಕುವುದೂ ನಾನೇ, ಮಾತು ಕೇಳುವುದೂ ನಾನೇ

ಪ್ರಶ್ನೆ: ನಾನು ಸೋಮವಾರಪೇಟೆಯವಳು, ವಯಸ್ಸು 41. ಮಡಿಕೇರಿಯಲ್ಲಿ ಒಟ್ಟಿಗೆ ಡಿಗ್ರಿ ಓದಿದ ನಾವು ಹನ್ನೆರಡು ಜನ ಇವತ್ತಿಗೂ ಆಪ್ತರು. ಎಂಟು ಮಂದಿ ಬೆಂಗಳೂರಲ್ಲಿದ್ದಾರೆ. ವೈಟ್‌ಫೀಲ್ಡ್, ರಾಜರಾಜೇಶ್ವರಿ ನಗರ, ಎಲೆಕ್ಟ್ರಾನಿಕ್ ಸಿಟಿ, ಯಲಹಂಕ, ಹೀಗೆ ಒಬ್ಬೊಬ್ಬರು ಒಂದೊಂದು ಮೂಲೆ. ನಾಲ್ವರು ಕೊಡಗಲ್ಲೇ ಇದ್ದೇವೆ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ, ಡಿಸೆಂಬರ್‌ನಲ್ಲಿ ಒಂದು ಶನಿವಾರ ರಾತ್ರಿ ಬೆಂಗಳೂರಲ್ಲಿ ಊಟಕ್ಕೆ ಸೇರುತ್ತೇವೆ. ಅಲ್ಲಿನವರು ಆರಿಸಿದರೆ ತಮ್ಮ ಮನೆ ಹತ್ತಿರದ ಜಾಗ ಆರಿಸುತ್ತಾರೆ ಅಂತ ಜಗಳವಾಗಿ, ಹೋಟೆಲ್ ಹುಡುಕುವ ಕೆಲಸ ನನ್ನ ತಲೆಗೆ ಬಂತು. ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, "ಎಲ್ಲಾದರೂ ಓಕೆ." ಹೋದ ವರ್ಷ ಕೋರಮಂಗಲದ ಒಂದು ಬಾರ್ಬೆಕ್ಯೂ ಬಫೆಗೆ ಹೋದೆವು. ಮೂವರು ಸಸ್ಯಾಹಾರಿಗಳು ಪನ್ನೀರು, ಅನಾನಸು ತಿಂದು ಎದ್ದರು. ವಿರಾಜಪೇಟೆಯ ಮುಸ್ಲಿಂ ಗೆಳತಿ ಮಾಂಸ ಮುಟ್ಟಲಿಲ್ಲ. ಹಾಡಿನ ಗಲಾಟೆಯಲ್ಲಿ ಮಾತೇ ಕೇಳಿಸಲಿಲ್ಲ. ಕುಡಿದವರ ಬಿಲ್ಲನ್ನೂ ಸೇರಿಸಿ ಸಮನಾಗಿ ಹಂಚಿದೆವು. ಮರುದಿನ ಗ್ರೂಪಿನಲ್ಲಿ ಒಬ್ಬ, "ಸೋಮವಾರಪೇಟೆಯಲ್ಲಿ ಕೂತು ಬೆಂಗಳೂರಿನ ಹೋಟೆಲ್ ನೋಡಿದರೆ ಹೀಗೇ ಆಗೋದು" ಅಂತ ಬರೆದ. ತುಂಬಾ ನೋವಾಯಿತು. ಖಾಸಗಿ ಶಾಲೆಯಲ್ಲಿ ಟೀಚರ್ ಆಗಿರುವ ಇನ್ನೊಬ್ಬ ಗೆಳತಿ ಎರಡು ವರ್ಷದಿಂದ ಬರುತ್ತಲೇ ಇಲ್ಲ, ದುಡ್ಡಿನ ಕಾರಣ ಇರಬೇಕು. ಈ ಸಲವೂ "ನೀನೇ ನೋಡು" ಅನ್ನುತ್ತಿದ್ದಾರೆ. ಆಗಲ್ಲ ಅಂತ ಹೇಳಲಾ? ಅಥವಾ ಮಡಿಕೇರಿಯಲ್ಲೇ ಸೇರೋಣ ಅಂದರೆ ತಪ್ಪಾಗುತ್ತಾ?

ಉತ್ತರ: ಆಗಲ್ಲ ಅನ್ನಬೇಡಿ. ಆದರೆ ಹೋದ ವರ್ಷದ ಹಾಗೆ ಸುಮ್ನೆ ಒಪ್ಪಿಕೊಳ್ಳಲೂ ಬೇಡಿ.

ನಿಮ್ಮ ಪತ್ರ ಓದುತ್ತಾ ನಾನು ನಿಂತಿದ್ದು ಆ ಟೀಚರ್ ಗೆಳತಿಯ ಹತ್ತಿರ. ನೀವು ಅವರ ಬಗ್ಗೆ ಕೊನೆಯಲ್ಲಿ ಒಂದೇ ಸಾಲು ಬರೆದಿದ್ದೀರಿ. ನನಗೆ ಉಳಿದೆಲ್ಲದಕ್ಕಿಂತ ಅದೇ ದೊಡ್ಡದಾಗಿ ಕಂಡಿತು. ಗಲಾಟೆ, ಬಫೆ, ಪನ್ನೀರು, ಇವೆಲ್ಲ ಒಂದು ರಾತ್ರಿಯ ಬೇಸರ. ಇಷ್ಟು ವರ್ಷದ ಗೆಳತಿ ಒಬ್ಬರು ನಿಮ್ಮ ಗುಂಪಿನಿಂದ ಸದ್ದಿಲ್ಲದೆ ಹೊರಗೆ ಹೋಗುತ್ತಿದ್ದಾರೆ, ಗ್ರೂಪಿನಲ್ಲಿ ಯಾರೂ ಅದರ ಮಾತೆತ್ತುತ್ತಿಲ್ಲ. ಅವರು ಮತ್ತೆ ಬಂದು ನಿಮ್ಮ ಜೊತೆ ಕೂರುವಂಥ ಜಾಗ ಹುಡುಕಿ. ಹಾಗೆ ಹುಡುಕಿದರೆ ಉಳಿದ ಹನ್ನೊಂದು ಜನಕ್ಕೂ ಆ ಜಾಗ ಸರಿಹೋಗುತ್ತದೆ ಅನ್ನುವುದು ನನ್ನ ನಂಬಿಕೆ.

ನಮ್ಮ ಕಡೆ ಮನೆಗೆ ನೆಂಟರು ಬರುತ್ತಾರೆ ಅಂದರೆ ಅಡುಗೆ ಮಾಡುವವರು ಮೊದಲು ಕೇಳುವುದು ಏನನ್ನು? "ಯಾರು ಏನು ತಿನ್ನಲ್ಲ?" ಅಂತ. ಯಾರಿಗೆ ಏನಿಷ್ಟ ಅನ್ನುವುದು ಆಮೇಲೆ. ಬೆಂಗಳೂರಿನ ಹೋಟೆಲಿಗೂ ಇದೇ ಕ್ರಮ ಇಟ್ಟುಕೊಳ್ಳಿ. ಯಾರಿಗೆ ಹೊಂದಿಕೊಳ್ಳುವುದು ಕಷ್ಟವೋ ಅವರಿಂದ ಶುರು ಮಾಡಿ. ಎಲ್ಲವನ್ನೂ ತಿನ್ನುವ, ಕೈಯಲ್ಲಿ ಕಾಸಿರುವ, ಸ್ವಂತ ಕಾರಿರುವ ಗೆಳೆಯ ಎಲ್ಲಿಗೆ ಬೇಕಾದರೂ ಬರುತ್ತಾನೆ. ಅವನಿಗಾಗಿ ನೀವು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಗ್ರೂಪಿನಲ್ಲಿ "ಎಲ್ಲಿಗೆ ಹೋಗೋಣ?" ಅಂತ ಕೇಳುವುದನ್ನು ನಿಲ್ಲಿಸಿ. ಹತ್ತು ಜನರ ಮುಂದೆ "ನನಗೆ ಅಷ್ಟು ಖರ್ಚು ಮಾಡೋಕಾಗಲ್ಲ" ಅಂತ ಯಾರು ಬರೆಯುತ್ತಾರೆ ಹೇಳಿ? ಒಬ್ಬೊಬ್ಬರಿಗೇ ಬೇರೆಯಾಗಿ ಮೆಸೇಜ್ ಹಾಕಿ, ಸಾಧ್ಯವಾದರೆ ಫೋನ್ ಮಾಡಿ. ಏನು ತಿನ್ನಲ್ಲ, ಎಷ್ಟರೊಳಗೆ ಆದರೆ ಒಳ್ಳೆಯದು, ರಾತ್ರಿ ಮನೆಗೆ ಹೇಗೆ ಹೋಗುತ್ತೀಯಾ, ಇಷ್ಟು ಕೇಳಿದರೆ ಸಾಕು. ಟೀಚರ್ ಗೆಳತಿಗೆ ಎಲ್ಲರಿಗಿಂತ ಮೊದಲು ಫೋನ್ ಮಾಡಿ. "ದುಡ್ಡಿನ ತೊಂದರೆಯಾ?" ಅಂತ ಮಾತ್ರ ಕೇಳಬೇಡಿ. "ನಿನ್ನ ಪಾಲು ನಾನು ಕೊಡುತ್ತೇನೆ" ಅಂತಲೂ ಹೇಳಬೇಡಿ, ಅದು ಅವರನ್ನು ಇನ್ನೂ ದೂರ ಮಾಡುತ್ತದೆ. "ಈ ಸಲ ತಲೆಗೆ ಇಷ್ಟೇ ಅಂತ ಮೊದಲೇ ಗೊತ್ತು ಮಾಡುತ್ತಿದ್ದೇನೆ, ಎಷ್ಟಿಟ್ಟರೆ ಸರಿ ನೀನೇ ಹೇಳು" ಅನ್ನಿ. ಅವರು ಹೇಳಿದ ಮೊತ್ತವನ್ನೇ ಗ್ರೂಪಿನಲ್ಲಿ ನಿಮ್ಮ ಲೆಕ್ಕ ಅಂತ ಹಾಕಿ. ಅದು ಯಾರ ಮಾತು ಅಂತ ಯಾರಿಗೂ ತಿಳಿಯಬೇಕಾಗಿಲ್ಲ.

ಬಿಲ್ಲಿನ ವಿಷಯವನ್ನು ನಾನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಯಾಕೆಂದರೆ ಗೆಳೆತನ ಕೆಡುವುದು ಜಾಸ್ತಿ ಅಲ್ಲೇ. ತೆರಿಗೆ ಬಿಟ್ಟು ಹನ್ನೆರಡು ಜನರ ಊಟಕ್ಕೆ 9,600 ರೂಪಾಯಿ, ನಾಲ್ವರ ಕುಡಿತಕ್ಕೆ 6,000 ಆಯಿತು ಅಂದುಕೊಳ್ಳಿ. ಸಮನಾಗಿ ಹಂಚಿದರೆ ಪ್ರತಿಯೊಬ್ಬರೂ 1,300 ಕೊಡಬೇಕು. ಬೇರೆ ಮಾಡಿದರೆ ಊಟ ಮಾತ್ರ ಮಾಡಿದವರದ್ದು 800, ಕುಡಿದವರದ್ದು 2,300. ಅನ್ನ ಸಾರು ಉಂಡ ಗೆಳತಿ ಬೇರೆಯವರ ಗ್ಲಾಸಿಗೆ 500 ರೂಪಾಯಿ ಕೊಟ್ಟು ಮನೆಗೆ ಹೋಗುತ್ತಾಳೆ. ದುಡ್ಡಿದ್ದವರಿಗೆ ಅದು ಗಮನಕ್ಕೇ ಬರುವುದಿಲ್ಲ. ಅದಕ್ಕೇ ಕೂತ ತಕ್ಷಣ, ಆರ್ಡರ್ ಕೊಡುವ ಮೊದಲೇ, ಊಟಕ್ಕೊಂದು ಬಿಲ್ಲು, ಡ್ರಿಂಕ್ಸ್‌ಗೊಂದು ಬಿಲ್ಲು ಮಾಡಿಕೊಡಿ ಅಂತ ಹೇಳಿಬಿಡಿ. ಮದ್ಯ ಜಿಎಸ್‌ಟಿಯೊಳಗೆ ಬರುವುದಿಲ್ಲ, ಹಾಗಾಗಿ ಎಷ್ಟೋ ಕಡೆ ಹೇಗೂ ಅದನ್ನು ಬೇರೆಯೇ ಬರೆಯುತ್ತಾರೆ. ಕೊನೆಯಲ್ಲಿ ಕೇಳಿದರೆ ಅವರಿಗೂ ಕಷ್ಟ, ಮೇಜಿನಲ್ಲೂ ಮುಜುಗರ.

ಇನ್ನೊಂದು, ಬಿಲ್ಲು ಬಂದಾಗ ಕೆಳಗಿನ ಸಾಲು ನೋಡಿ. ಸೇವಾ ಶುಲ್ಕ ಅಂತ ಅವರೇ ಸೇರಿಸಿದ್ದರೆ ತೆಗೆಯಿರಿ ಅನ್ನಿ. ಹೋಟೆಲಿನವರು ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ತೆಗೆಯಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಕೊಡಬಹುದು. ಹುಡುಗರು ಚೆನ್ನಾಗಿ ಬಡಿಸಿದರೆ ನೀವೇ ಕೈಯಾರೆ ಟಿಪ್ಸ್ ಕೊಡಿ.

ಬಫೆ ಪೂರ್ತಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ತಲೆಗೆ ಎಷ್ಟು ಅಂತ ಮೊದಲೇ ತಿಳಿಯುತ್ತದೆ, ಕೈ ಬಿಗಿ ಇರುವವರಿಗೆ ಅದೊಂದು ಧೈರ್ಯ. ಆದರೆ ಬಾರ್ಬೆಕ್ಯೂ ಬಫೆಯ ಬೆಲೆ ಮಾಂಸ ಚೆನ್ನಾಗಿ ತಿನ್ನುವವರಿಗೆ ಹೊಂದುತ್ತದೆ. ನಿಮ್ಮಲ್ಲಿ ಮೂವರು ಸಸ್ಯಾಹಾರಿಗಳು, ಒಬ್ಬರು ಹಲಾಲ್ ಅಲ್ಲದ ಮಾಂಸ ತಿನ್ನದವರು. ಹನ್ನೆರಡರಲ್ಲಿ ನಾಲ್ವರಿಗೆ ಆ ಜಾಗ ಸಲ್ಲುವುದಿಲ್ಲ.

ನಿಮ್ಮ ಗುಂಪಿಗೆ ಬೇಕಾದ್ದು ಸಸ್ಯಾಹಾರವೇ ಪೂರ್ತಿ ಊಟವಾಗಿರುವ, ಮಾಂಸ ಬೇಕಾದವರು ಪಕ್ಕಕ್ಕೆ ತರಿಸಿಕೊಳ್ಳುವ ಜಾಗ. ರೆಸಿಡೆನ್ಸಿ ರಸ್ತೆಯ ನಾಗಾರ್ಜುನದಂಥ ಆಂಧ್ರ ಹೋಟೆಲುಗಳು ನಡೆಯುವುದೇ ಹೀಗೆ. ಬಾಳೆಎಲೆಯ ಮೇಲೆ ಬರುವ ಪಪ್ಪು, ಪಲ್ಯ, ಚಟ್ನಿಪುಡಿ, ತುಪ್ಪ ಎಲ್ಲ ಸಸ್ಯಾಹಾರ. ಚಿಕನ್ನು, ಮಟನ್ನು ಬೇರೆ ಆರ್ಡರ್. ಯಾರೂ "ನಿನಗೆ ಏನೂ ಸಿಗಲಿಲ್ಲ ಅಲ್ವಾ" ಅನ್ನಿಸಿಕೊಳ್ಳದೆ ಹೊಟ್ಟೆ ತುಂಬ ಉಣ್ಣಬಹುದು. ಆದರೆ ಅಲ್ಲಿ ಎಲೆ ಎತ್ತಿದ ಮೇಲೆ ಹರಟುತ್ತಾ ಕೂರಲು ಬಿಡುವಿಲ್ಲ, ಹೊರಗೆ ಜನ ಕಾಯುತ್ತಿರುತ್ತಾರೆ. ಎರಡು ಗಂಟೆ ಕೂತು ಮಾತಾಡಬೇಕು ಅಂದರೆ ಮೇಜು ಕಾಯ್ದಿರಿಸಿಕೊಳ್ಳುವ ಉತ್ತರ ಭಾರತದ ಅಡುಗೆಯ ಹೋಟೆಲ್ ಒಳ್ಳೆಯದು. ದಾಲ್, ರೋಟಿ, ನಾಲ್ಕೈದು ತರಕಾರಿ ಪದಾರ್ಥ, ಬಿರಿಯಾನಿ, ಕಬಾಬು ಎಲ್ಲ ಒಂದೇ ಕಡೆ ಸಿಗುತ್ತವೆ. ನಡುವೆ ಇಟ್ಟುಕೊಂಡು ಹಂಚಿಕೊಂಡು ತಿಂದರೆ ಖರ್ಚೂ ಹಿಡಿತದಲ್ಲಿರುತ್ತದೆ. ಲಾಲ್‌ಬಾಗ್ ರಸ್ತೆಯಲ್ಲಿ 1924ರಿಂದ ಇರುವ ಎಂಟಿಆರ್, ಗಾಂಧಿಬಜಾರಿನಲ್ಲಿ 1943ರಿಂದ ಇರುವ ವಿದ್ಯಾರ್ಥಿ ಭವನ ನನಗೆ ಪ್ರಾಣ. ಆದರೆ ಹನ್ನೆರಡು ಜನರ ರಾತ್ರಿ ಕೂಟಕ್ಕೆ ಅವು ಹೊಂದುವುದಿಲ್ಲ. ರಾತ್ರಿ ಬೆಂಗಳೂರಲ್ಲೇ ಉಳಿಯುವ ಕೊಡಗಿನವರು ಮರುದಿನ ಬೆಳಿಗ್ಗೆ ಹೋಗಿ ದೋಸೆ ತಿನ್ನಿ.

ಹಲಾಲ್ ವಿಷಯವನ್ನು ನೀವೇ ಹೋಟೆಲಿಗೆ ಫೋನ್ ಮಾಡಿ ಕೇಳಿ. ಗೆಳತಿ ಅಲ್ಲಿಗೆ ಬಂದು ಸಪ್ಲೈಯರ್ ಹತ್ತಿರ ವಿಚಾರಿಸುವಂತೆ ಮಾಡಬೇಡಿ. ಅದೇ ಅಡುಗೆಮನೆಯಲ್ಲಿ ಹಂದಿಮಾಂಸ ಮಾಡುತ್ತಾರಾ ಅಂತಲೂ ಕೇಳಿ, ಉತ್ತರವನ್ನು ಅವರಿಗೆ ಮೊದಲೇ ತಿಳಿಸಿ. ನಿಮ್ಮ ಗುಂಪಿನಲ್ಲಿ ಕೊಡವ ಗೆಳೆಯರಿದ್ದರೆ "ಪಂದಿಕರಿ (ಹಂದಿಮಾಂಸದ ಸಾರು) ಸಿಗೋ ಕಡೆ ಹೋಗೋಣ" ಅನ್ನುವ ಮಾತು ಬಂದೇ ಬರುತ್ತದೆ. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಹುಳಿಗೆ ಕಾಚಂಪುಳಿ ಹಾಕಿದ ಪಂದಿಕರಿ, ಜೊತೆಗೆ ಅಕ್ಕಿ ಕಡುಬು ಕಡಂಬುಟ್ಟು, ಊರಿಗೆ ಬಂದರೆ ಮನೆಯಲ್ಲೇ ಸಿಗುತ್ತದೆ. ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದಿಗೆ ಬನ್ನಿ, ಹೊಟ್ಟೆ ತುಂಬ ತಿನ್ನೋಣ ಅನ್ನಿ. ಎಲ್ಲರೂ ಒಟ್ಟಿಗೆ ಉಣ್ಣಬೇಕಾದ ಒಂದು ರಾತ್ರಿ ಅದನ್ನು ಬಿಟ್ಟುಕೊಡಲಿ.

ಜಾಗ ಯಾವ ಬಡಾವಣೆಯಲ್ಲಿರಬೇಕು ಅನ್ನುವ ಜಗಳಕ್ಕೆ ಈಗ ಮೆಟ್ರೊ ಉತ್ತರ ಕೊಡುತ್ತದೆ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಪೂರ್ತಿ ಓಡುತ್ತಿದೆ, ರಾಜರಾಜೇಶ್ವರಿ ನಗರವೂ ಅದರ ಮೇಲೇ ಇದೆ. ಎಲೆಕ್ಟ್ರಾನಿಕ್ ಸಿಟಿಯ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಅಲ್ಲಿಂದ ಬರುವವರು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗ ಹಿಡಿದು ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಬೇಕು. ಯಲಹಂಕದವರಿಗೆ ಮಾತ್ರ ಮೆಟ್ರೊ ಇಲ್ಲ. ಹಾಗಾಗಿ ನೇರಳೆ ಮಾರ್ಗದ ಎಂ.ಜಿ. ರಸ್ತೆ ನಿಲ್ದಾಣದ ಆಸುಪಾಸು, ಅಂದರೆ ಚರ್ಚ್ ಸ್ಟ್ರೀಟ್, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆಯ ಕಡೆ ನೋಡಿ. ಯಾರ ಮನೆಯ ಹತ್ತಿರವೂ ಅಲ್ಲ, ಹೆಚ್ಚಿನವರಿಗೆ ಮೆಟ್ರೊ ದಾರಿಯಿದೆ. ಕೊಡಗಿಗೆ ರೈಲಿಲ್ಲ, ನಿಮಗೆ ಬಸ್ಸೇ ಗತಿ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ನೇರಳೆ ಮಾರ್ಗದ ಪಕ್ಕದಲ್ಲೇ ಇರುವುದರಿಂದ ನಿಮ್ಮ ನಾಲ್ವರಿಗೂ ಇದು ಅನುಕೂಲ.

ಊಟವನ್ನು ಏಳು ಗಂಟೆಗೇ ಶುರು ಮಾಡಿ. ಶನಿವಾರ ಎಂಟೂವರೆಗೆ ಹನ್ನೆರಡು ಜನಕ್ಕೆ ಮೇಜು ಸಿಗುವುದು ಕಷ್ಟ, ಏಳಕ್ಕೆ ಸಿಗುತ್ತದೆ. ಹಾಡಿನ ಅಬ್ಬರ ಏರುವುದೂ ತಡವಾಗಿಯೇ. ಮೆಟ್ರೊ ಕೊನೆಯ ರೈಲುಗಳು ರಾತ್ರಿ ಹನ್ನೊಂದರ ಸುಮಾರಿಗೆ ಹೊರಡುತ್ತವೆ, ಆ ದಿನದ ಸಮಯ ನೋಡಿಕೊಂಡು ಹತ್ತಕ್ಕೆ ಎದ್ದುಬಿಡಿ. ಒಬ್ಬಳೇ ಮನೆಗೆ ಹೋಗಬೇಕಾದ ಹೆಂಗಸರಿಗೆ ಇದು ಸಣ್ಣ ವಿಷಯ ಅಲ್ಲ.

ನೆಟ್ಟಿನಲ್ಲಿ ಕಾಣುವ ನಕ್ಷತ್ರಗಳನ್ನು ನಂಬಿ ಬುಕ್ ಮಾಡಬೇಡಿ. ಇಬ್ಬರು ಹೋಗಿ ಚೆನ್ನಾಗಿ ತಿಂದು ಬಂದ ಹೋಟೆಲ್ ಹನ್ನೆರಡು ಜನಕ್ಕೆ ಚೆನ್ನಾಗಿರಬೇಕು ಅಂತಿಲ್ಲ. ಫೋನ್ ಮಾಡಿ ಕೇಳಿ. ಹನ್ನೆರಡು ಜನ ಒಂದೇ ಕಡೆ ಕೂರಬಹುದಾ, ಇಲ್ಲ ಎರಡು ಮೇಜು ಬೇರೆ ಬೇರೆಯಾ? ಶನಿವಾರ ಲೈವ್ ಮ್ಯೂಸಿಕ್ ಇದೆಯಾ? ಎಷ್ಟು ಹೊತ್ತು ಕೂರಲು ಬಿಡುತ್ತೀರಿ? ಮೆಟ್ಟಿಲು ಹತ್ತಬೇಕಾ, ಲಿಫ್ಟ್ ಇದೆಯಾ? ಉದ್ದ ಮೇಜು ಕೊಟ್ಟರೆ ಈ ತುದಿಯವರು ಆ ತುದಿಯವರ ಮುಖ ನೋಡುವುದೇ ಇಲ್ಲ. ಆದ್ದರಿಂದ ಎರಡು ಮೇಜು ಅಕ್ಕಪಕ್ಕ ಜೋಡಿಸಿ ಚೌಕವಾಗಿ ಮಾಡಿಕೊಡಿ ಅನ್ನಿ, ಬಹಳ ಕಡೆ ಮಾಡಿಕೊಡುತ್ತಾರೆ.

ಈಗ ಆ ಮಾತು ಬರೆದ ಗೆಳೆಯನ ವಿಷಯ. ಅವನು ಮಾಡಿದ್ದು ತಪ್ಪು, ಅದರಲ್ಲಿ ಅನುಮಾನ ಬೇಡ. ಬೆಂಗಳೂರಲ್ಲೇ ಇರುವ ಎಂಟು ಜನ ಮಾಡದ ಕೆಲಸವನ್ನು ಐದಾರು ಗಂಟೆ ಬಸ್ಸಿನಲ್ಲಿ ಕೂತು ಬರುವ ನೀವು ಮಾಡಿದಿರಿ. ಅವನಿಗೆ ನೇರವಾಗಿ ಫೋನ್ ಮಾಡಿ ಹೇಳಿ, "ಅವತ್ತು ನೀನು ಬರೆದದ್ದು ನನಗೆ ನೋವಾಯಿತು. ಈ ಸಲ ನಾನು ಎರಡು ಜಾಗ ಗುರುತು ಮಾಡುತ್ತೇನೆ, ನೀನು ಒಂದು ಸಂಜೆ ಹೋಗಿ ನೋಡಿ ಬಾ, ಸದ್ದು ಎಷ್ಟಿದೆ, ತರಕಾರಿ ಊಟ ಹೇಗಿದೆ ಅಂತ ಹೇಳು." ಅವನಿಗೆ ನಿಜವಾಗಿ ಬೆಂಗಳೂರು ಗೊತ್ತಿದ್ದರೆ ಅದು ಎಲ್ಲರಿಗೂ ಉಪಯೋಗಕ್ಕೆ ಬರಲಿ. ಹೋಗಲ್ಲ ಅಂದರೆ, ಮುಂದೆ ಅವನು ಆಡುವ ಮಾತನ್ನು ನೀವು ಮನಸ್ಸಿಗೆ ತೆಗೆದುಕೊಳ್ಳಬೇಕಾಗಿಲ್ಲ.

ಆಮೇಲೆ ಗ್ರೂಪಿನಲ್ಲಿ ಎರಡೇ ಹೆಸರು ಹಾಕಿ. ತಲೆಗೆ ಅಂದಾಜು ಎಷ್ಟು, ಕುಡಿತದ ಬಿಲ್ಲು ಬೇರೆ, ಯಾವ ಮೆಟ್ರೊ ನಿಲ್ದಾಣ, ಎಷ್ಟು ಗಂಟೆಗೆ, ಎಲ್ಲ ಬರೆಯಿರಿ. ಭಾನುವಾರ ರಾತ್ರಿಯೊಳಗೆ ಹೇಳದವರದ್ದು ಒಪ್ಪಿಗೆ ಅಂತ ತಿಳಿಯುತ್ತೇನೆ ಅನ್ನಿ. ಮುಂದಿನ ವರ್ಷ ಈ ಕೆಲಸ ಇನ್ನೊಬ್ಬರದ್ದು ಅಂತಲೂ ಅದೇ ಮೆಸೇಜಿನಲ್ಲಿ ಸೇರಿಸಿ, ಯಾರದ್ದು ಅನ್ನುವುದನ್ನು ಊಟದ ಮೇಜಿನಲ್ಲೇ ತೀರ್ಮಾನ ಮಾಡಿ.

ಮಡಿಕೇರಿಯಲ್ಲಿ ಸೇರೋಣ ಅನ್ನುವುದು ಖಂಡಿತ ತಪ್ಪಲ್ಲ. ಆದರೆ ಬೇಸರದಲ್ಲಿ ಈ ಡಿಸೆಂಬರ್‌ಗೇ ಅದನ್ನು ಎತ್ತಬೇಡಿ. ವರ್ಷದ ಕೊನೆಯಲ್ಲಿ ಪ್ರವಾಸಿಗರು ತುಂಬಿ ರೂಮು, ಹೋಂಸ್ಟೇ ಎಲ್ಲ ದುಬಾರಿ, ತೋಟ ಇರುವವರಿಗೆ ಕಾಫಿ ಕುಯ್ಲಿನ ಕೆಲಸ. ಕುಯ್ಲು ಮುಗಿದ ಮೇಲೆ, ಮಾರ್ಚ್‌ನಲ್ಲಿ ಒಂದು ವಾರಾಂತ್ಯ ಬೆಂಗಳೂರಿನವರು ಈ ಕಡೆ ಬರಲಿ. ಯಾರದ್ದಾದರೂ ಮನೆಯಲ್ಲಿ ಸೇರಿ, ಖರ್ಚು ಹಂಚಿಕೊಂಡು ಅಡುಗೆಯವರನ್ನು ಕರೆಸಿ. ಟೀಚರ್ ಗೆಳತಿಗೂ ಅದು ಹಗುರ. ಒಂದು ವರ್ಷ ಅಲ್ಲಿ, ಒಂದು ವರ್ಷ ಇಲ್ಲಿ ಅಂತ ಮಾಡಿಕೊಂಡರೆ ಬಸ್ಸಿನ ಆಯಾಸವೂ ಎಲ್ಲರಿಗೂ ಹಂಚಿಹೋಗುತ್ತದೆ.

ಈ ವರ್ಷದ್ದಕ್ಕೆ ಡಿಸೆಂಬರ್ ಎರಡನೇ ಶನಿವಾರ ಇಟ್ಟುಕೊಳ್ಳಿ. ಕ್ರಿಸ್‌ಮಸ್ ಹತ್ತಿರ ಬಂದರೆ ಅನೇಕ ಹೋಟೆಲುಗಳಲ್ಲಿ ಹಬ್ಬದ ಮೆನು, ಹೆಚ್ಚಿನ ದರ ಶುರುವಾಗುತ್ತದೆ. ಹನ್ನೆರಡು ಜನರ ಮೇಜಿಗೆ ನವೆಂಬರ್ ಮಧ್ಯದಲ್ಲೇ ಫೋನ್ ಮಾಡಿರಬೇಕು. ಅದಕ್ಕೂ ಮೊದಲು ಗೆಳತಿಗೆ ಮಾಡಬೇಕಾದ ಫೋನ್ ಒಂದಿದೆ, ಅದನ್ನು ಈ ವಾರವೇ ಮಾಡಿ.