ದಪ್ಪ ನೋಡಿ ಗಾಜಿನ ಡಬ್ಬಿ ಕೊಳ್ಳಬೇಡಿ

ಪ್ರಶ್ನೆ: ಅಕ್ಕಾ, ನಮ್ಮ ಪ್ಲಾಸ್ಟಿಕ್ ಡಬ್ಬಿಗಳಿಗೆಲ್ಲ ಮೀನು ಸಾರಿನ ವಾಸನೆ, ಅರಿಶಿನದ ಕಲೆ. ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ. ಈಗ ಮನೆಗೆ ಡಿಶ್‌ವಾಶರ್ ಬಂದಿದೆ. ಅದರಲ್ಲಿ ತೊಳೆದರೂ ಬಾಳಿಕೆ ಬರುವ ಗಾಜಿನ ಡಬ್ಬಿ ಯಾವುದು? ದಪ್ಪ ಇದ್ದಷ್ಟೂ ಒಳ್ಳೆಯದಾ?
– ಓದುಗರೊಬ್ಬರು, ಕುಮಟಾ

ಉತ್ತರ: ದಪ್ಪ ಇದ್ದರೆ ಗಟ್ಟಿ ಅಂತ ನಾನೂ ನಂಬಿದ್ದೆ ತಂಗಿ. ಶಿರಸಿ ಪೇಟೆಯಲ್ಲಿ ಕೈಯಲ್ಲಿ ತೂಗಿ ನೋಡಿ, ಭಾರ ಇದ್ದದ್ದನ್ನೇ ತಂದೆ. ಡಿಸೆಂಬರ್ ಚಳಿಯ ಬೆಳಿಗ್ಗೆ ಕುದಿಯುವ ಹುಳಿಯನ್ನು ಅದಕ್ಕೆ ಬಗ್ಗಿಸಿ, ಒದ್ದೆ ಕಡಪಾ ಕಲ್ಲಿನ ಮೇಲೆ ಇಟ್ಟೆ. ಟಪ್ ಅಂತ ಒಂದು ಸದ್ದು. ಎತ್ತಿದರೆ ತಳ ಬಟ್ಟಲಿನ ಹಾಗೆ ದುಂಡಗೆ ಕಲ್ಲಿನ ಮೇಲೇ ಉಳಿದಿತ್ತು. ಹುಳಿಯೆಲ್ಲ ನೆಲದ ಪಾಲು. ಗಾಜು ದಪ್ಪ ಇದ್ದಷ್ಟೂ ಒಳಗಿನ ಬಿಸಿ ಹೊರಮೈಗೆ ತಲುಪುವುದು ತಡ. ಒಳಗೆ ಹಿಗ್ಗುತ್ತದೆ, ಹೊರಗೆ ಹಿಗ್ಗುವುದಿಲ್ಲ. ಆ ಎಳೆದಾಟಕ್ಕೇ ಒಡೆಯುವುದು.

ಹಾಗಾಗಿ ಡಬ್ಬಿಯ ಮೇಲೆ ‘ಬೋರೋಸಿಲಿಕೇಟ್’ ಅಂತ ಬರೆದಿದೆಯಾ ನೋಡಿ. ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಬೀಕರ್ ಇರುತ್ತದಲ್ವಾ, ಅದೇ ಗಾಜು. ಬಿಸಿಗೆ ಹಿಗ್ಗುವುದು ಮಾಮೂಲಿ ಗಾಜಿನ ಸುಮಾರು ಮೂರನೇ ಒಂದು ಪಾಲು ಮಾತ್ರ. ‘ಟೆಂಪರ್ಡ್’ ಅಂತ ಬರೆದದ್ದೂ ಸಿಗುತ್ತದೆ. ಅದು ಪೆಟ್ಟಿಗೆ ಜಾಸ್ತಿ ತಡೆಯುತ್ತದೆ, ಬಿಸಿ-ತಣ್ಣಗಿನ ಏರುಪೇರಿಗೆ ಅಷ್ಟು ತಡೆಯುವುದಿಲ್ಲ. ಬೋರೋಸಿಲಿಕೇಟ್ ಆದರೂ ಫ್ರೀಜರಿನಿಂದ ತೆಗೆದು ನೇರ ಒಲೆ ಮೇಲೆ ಇಡಬೇಡಿ.

ಡಿಶ್‌ವಾಶರಿನಲ್ಲಿ ಡಬ್ಬಿಗಳು ಒಂದಕ್ಕೊಂದು ತಾಗದ ಹಾಗೆ ಜೋಡಿಸಿ. ತೊಳೆದ ಮೇಲೆ ಅಂಚಿನ ಸುತ್ತ ಬೆರಳಾಡಿಸಿ. ಚೂರು ಚಕ್ಕೆ ಎದ್ದಿದ್ದರೂ ಊಟಕ್ಕೆ ಬೇಡ, ತೆಗೆದುಹಾಕಿ. ಗಾಜು ಮಂಜು ಕವಿದ ಹಾಗೆ ಬೆಳ್ಳಗಾದರೆ ನಿಂಬೆರಸ ಹಚ್ಚಿ ತಿಕ್ಕಿ. ಹೋದರೆ ಅದು ಗಡಸು ನೀರಿನ ಉಪ್ಪು. ಹೋಗದಿದ್ದರೆ ಗಾಜಿನ ಮೈಯೇ ಸವೆದಿದೆ ಅಂತ ಅರ್ಥ. ಮೆದು ನೀರಿಗೆ ತೊಳೆಯುವ ಪುಡಿ ಜಾಸ್ತಿಯಾದಾಗ ಹೀಗಾಗುತ್ತದೆ, ಮುಂದಿನ ಸಲ ಪುಡಿ ಕಡಿಮೆ ಮಾಡಿ.

ಈಗ ಮುಚ್ಚಳ. ನಿಜವಾಗಿ ಮೊದಲು ಹಾಳಾಗುವುದು ಅದೇ. ತಂತಿ ಕ್ಲಿಪ್ಪಿನದ್ದು ನಿಮ್ಮ ಕಡಲ ಗಾಳಿಗೆ ತುಕ್ಕು ಹಿಡಿಯುತ್ತದೆ, ಬೇಡವೇ ಬೇಡ. ನಾಲ್ಕು ಕಡೆ ಒತ್ತಿ ಹಾಕುವ ಪ್ಲಾಸ್ಟಿಕ್ ಮುಚ್ಚಳವೇ ಸಾಕು. ತೊಳೆಯುವಾಗ ಅದನ್ನು ಡಿಶ್‌ವಾಶರಿನ ಮೇಲಿನ ತಟ್ಟೆಯಲ್ಲೇ ಇಡಿ, ಕೆಳಗೆ ಶಾಖಕ್ಕೆ ಸೊಟ್ಟಗಾಗುತ್ತದೆ. ಮುಚ್ಚಳ ಬಿಡಿಯಾಗಿ ಸಿಗುತ್ತದಾ ಅಂತ ಅಂಗಡಿಯಲ್ಲೇ ಕೇಳಿ. ಒಳಗಿನ ಸಿಲಿಕೋನ್ ರಿಂಗು ಕುಕ್ಕರಿನ ಗ್ಯಾಸ್ಕೆಟ್ ಥರ ಕೈಯಲ್ಲಿ ಬಿಚ್ಚಿ ಬರಬೇಕು. ಬಾರದಿದ್ದರೆ ಮಳೆಗಾಲದಲ್ಲಿ ಅದರ ಅಡಿಯಲ್ಲಿ ಕಪ್ಪು ಬೂಷ್ಟು ಕೂರುತ್ತದೆ.

ಇನ್ನು ನಿಮ್ಮ ಮೀನಿನ ವಾಸನೆ. ಗಾಜು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ರಿಂಗು ಹಿಡಿದಿಟ್ಟುಕೊಳ್ಳುತ್ತದೆ. ಮೀನು ಸಾರಿಗೆ ಅಂತ ಒಂದು ಮುಚ್ಚಳ ಬೇರೆಯೇ ಇಟ್ಟುಬಿಡಿ, ಪಾಯಸದ ಡಬ್ಬಿಗೆ ಅದನ್ನು ಹಾಕಬೇಡಿ.